ಕೊಸರು

ನಿನ್ನೆ ವರ್ತಕರ ಸಂಘದವರು ಬಂದಿದ್ದರು, ಸ್ವೀಟ್ ಬಾಕ್ಸ್ ಹಿಡಿದು.
"ಗೌರಿಬಿದನೂರು ಪೇಟೆಯ ಸ್ಮರಣ ಸಂಚಿಕೆ ತರ್ತಿದ್ದೀವಮ್ಮ,
ಹಳೇ ಅಂಗಡಿಗಳ ಲೆಕ್ಕ ನಿಮ್ಮಪ್ಪನ ಪುಸ್ತಕದಲ್ಲಿತ್ತಂತೆ,
ಒಂದೆರಡು ಪುಟ ಬರ್ಕೊಡಿ."

ಅಪ್ಪ ವೀರಬ್ರಹ್ಮಾಚಾರಿ, ತಕ್ಕಡಿ ರಿಪೇರಿಯವನು,
ಅಂಗಡಿಗಳನ್ನು ಬೋರ್ಡಿನ ಹೆಸರಿಂದ ಕರೆದವನೇ ಅಲ್ಲ.
ಎಡಕ್ಕೆ ವಾಲೋದು, ಅನ್ನುತ್ತಿದ್ದ.
ಮುಳ್ಳು ನಡುಗೋದು.
ಸರಪಳಿ ಕುಂಟೋದು.
ಪುಸ್ತಕದಲ್ಲೂ ಹಾಗೇ ಬರೆದಿಟ್ಟಿದ್ದಾನೆ
ಎಣ್ಣೆ ಬೆರಳಿನ ಗುರುತಿನ ಜೊತೆ.

ಎಡಕ್ಕೆ ವಾಲೋದು ಪೆದ್ದನ್ನ ಶೆಟ್ಟರದು. ದಿನಸಿ.
ವರ್ಷಕ್ಕೊಮ್ಮೆ ನೆಟ್ಟಗೆ ಮಾಡಿ ಬರುವನು ಅಪ್ಪ,
ದೀಪಾವಳಿಯ ಹೊತ್ತಿಗೆ ಮತ್ತೆ ವಾಲಿರುವುದು.
"ಮನುಷ್ಯನ ಕುತ್ತಿಗೆ ಇದ್ದ ಹಾಗಮ್ಮ, ಅಭ್ಯಾಸದ ಕಡೆಗೇ ತಿರುಗೋದು."
ಆದರೂ ತೂಗಿ ಮುಗಿದ ಮೇಲೆ ಶೆಟ್ಟರ ಕೈ
ತಾನಾಗಿ ಮೂಟೆಗೆ ಇಳಿದು ಒಂದು ಹಿಡಿ
ಸೆರಗಿಗೆ ಸುರಿಯುವುದು: ಕೊಸರು.
ಮೋಸವೂ ಕೊಸರೂ ಸೇರಿ ಸರಿಯಾದ ತೂಕ.

ತುಕಾರಾಮ ಸಾವ್ಕಾರರ ತಕ್ಕಡಿಗೆ ಗಾಜಿನ ಮನೆ.
ಅದರ ಮುಂದೆ ಅಪ್ಪ ಉಸಿರು ಬಿಗಿಹಿಡಿದು ಕೂರುವನು.
ತಾಳಿ ಅಡವಿಡಲು ಬಂದವರೂ.

ಹೂವಿನ ನಾಗರತ್ನಮ್ಮನಿಗೆ ತಕ್ಕಡಿಯೇ ಇಲ್ಲ, ಮೊಳ.
ಮೊಳಕೈಗೆ ಸರ್ಕಾರದ ಮುದ್ರೆ ಹೊಡೆಯೋದು ಹೇಗೆ?
ಗಿಡ್ಡ ಕೈ ಅವಳದು. ಪೇಟೆಯೆಲ್ಲ ಗೊಣಗುತ್ತಲೇ ಕೊಂಡಿತು.
ಸೊಸೆ ಕೂತಳು ಆಮೇಲೆ, ಉದ್ದ ಕೈ,
ಆರೇ ತಿಂಗಳಲ್ಲಿ ಅಂಗಡಿ ಮುಚ್ಚಿತು.

ಸೇರು ಹೋಗಿ ಕಿಲೋ ಬಂದ ವರ್ಷ ನಾನಿನ್ನೂ ಹುಟ್ಟಿರಲಿಲ್ಲ.
ಹಳೇ ಕಲ್ಲುಗಳನ್ನು ಕಚೇರಿಗೆ ಒಪ್ಪಿಸಬೇಕಂತೆ, ಇಲ್ಲವಾದರೆ ದಂಡವಂತೆ.
ಹುಣಸೆಮಂಡಿ ಗೌಸ್ ಪೀರ್ ಸಾಬರು
"ಅಬ್ಬಾಜಾನ್ ಹಿಡಿದ ಕಲ್ಲು, ಕಚೇರಿಯ ಗುಜರಿಗೆ ಕೊಡಲಾ?" ಎಂದು
ರಾತ್ರೋರಾತ್ರಿ ಚೀಲ ಹೊತ್ತು ಹೊಳೆಗೆ ನಡೆದರು.
ಅಲ್ಲಿ ಪೆದ್ದನ್ನ ಶೆಟ್ಟರೂ ನಿಂತಿದ್ದರಂತೆ.
ಒಬ್ಬರನ್ನೊಬ್ಬರು ನೋಡಲಿಲ್ಲ.
ಉತ್ತರ ಪಿನಾಕಿನಿ ಎರಡೂ ಚೀಲ ತೆಗೆದುಕೊಂಡಳು,
ರಸೀದಿ ಕೊಡಲಿಲ್ಲ.

ಕೆಂಪು ಅಂಕೆಯ ಯಂತ್ರ ಬಂದಾಗ ಅಪ್ಪ ಅದನ್ನು ಮಗುಚಿ ನೋಡಿದ.
"ಇದಕ್ಕೆ ಮುಳ್ಳೆಲ್ಲಿ?"
ಶೆಟ್ಟರ ಮೊಮ್ಮಗ ನಕ್ಕ. ನನ್ನೆದುರೇ ಬೇಳೆ ತೂಗಿದ,
ಅಂಕೆ ಚೂರು ಮೇಲೆ ಹೋಯಿತು,
ನಾಲ್ಕು ಕಾಳು ತೆಗೆದ. ಮತ್ತೆರಡು.
ಸರಿಯಾಯಿತು.
ಅಪ್ಪ ಅಂಗಡಿಯ ಮೆಟ್ಟಿಲಿಳಿಯುತ್ತ ಕೈ ಒರೆಸಿಕೊಂಡ,
ಕೊಳೆಯಾಗಿರದ ಕೈ.

ಆಮೇಲೆ ಪೇಟೆಯ ಎಲ್ಲಕ್ಕಿಂತ ದೊಡ್ಡ ವ್ಯಾಪಾರ ಶುರುವಾಯಿತು,
ಅದಕ್ಕೆ ಬೋರ್ಡೂ ಇರಲಿಲ್ಲ, ಬಾಗಿಲೂ ಇರಲಿಲ್ಲ.
ಹೊಳೆಯನ್ನೇ ಲೋಡುಗಟ್ಟಲೆ ಮಾರಿದರು.
ಊರಾಚೆ ವೇ ಬ್ರಿಡ್ಜು, ಅದರ ಮೇಲೆ ಲಾರಿ, ಲಾರಿಯಲ್ಲಿ
ಮಳೆಗಾಲಗಳ ತಳ, ಇನ್ನೂ ನೀರು ಸೋರುತ್ತ.
ಅಪ್ಪ ಹಾಸಿಗೆಯಿಂದಲೇ ಕೇಳಿದ:
"ಅದು ಯಾವ ಕಡೆಗೆ ವಾಲುತ್ತೆ?"
ನನಗೆ ಗೊತ್ತಿರಲಿಲ್ಲ.

ಲಾರಿ ತುಂಬುವ ಹುಡುಗನೊಬ್ಬ ತಂದುಕೊಟ್ಟ ಒಂದು ದಿನ,
ಮರಳಲ್ಲಿ ಸಿಕ್ಕ ಕಬ್ಬಿಣದ ಕಲ್ಲು, ತುಕ್ಕು ಹಿಡಿದದ್ದು,
ಹೊಟ್ಟೆಯಲ್ಲಿ ಸೀಸದ ಬಿಲ್ಲೆ, ಬಿಲ್ಲೆಯ ಮೇಲೆ ತಾತನ ಮುದ್ರೆ.
ಪಕ್ಕಾ ಸೇರು. ಶೆಟ್ಟರದೋ ಸಾಬರದೋ ಹೇಳಲಾಗದು.
ಉಜ್ಜಿ ತೂಗಿದೆ, ಅಪ್ಪನ ಹಳೇ ತಕ್ಕಡಿಯಲ್ಲಿ.
ಮೂರು ತೊಲ ಕಡಿಮೆ.
ಹೊಳೆ ತನ್ನ ಕೊಸರು ಇಟ್ಟುಕೊಂಡಿದೆ.

ಎರಡು ಪುಟ ಇನ್ನೂ ಖಾಲಿ, ಸೇರಿನ ಭಾರದಡಿ ಮಲಗಿವೆ.
ಸ್ವೀಟ್ ಬಾಕ್ಸಿನ ಮೇಲೆ ಅರ್ಧ ಕಿಲೋ ಎಂದಿತ್ತು.
ಕೈ ಸುಮ್ಮನಿರಲಿಲ್ಲ, ತೂಗಿಬಿಟ್ಟೆ.
ಇದೆ.
ರಟ್ಟಿನ ಡಬ್ಬಿ ಸೇರಿ.